ಎದೆಬರಹ

ಹಣೆಬರಹ ಬರೆಯುವುದು ಬ್ರಹ್ಮನ ಪಾಲಿನ ಕೆಲಸ.
ಎದೆಬರಹ ನನ್ನದು:
ನೂರೈವತ್ತು ಡಿಗ್ರಿ, ಹದಿನೈದು ಸೆಕೆಂಡು,
ಗಂಟೆಗೆ ಹನ್ನೆರಡು ಪೌಂಡು ಚಿಲ್ಲರೆ.

ಲೋವೆಸ್ಟಾಫ್ಟ್. ಇಡೀ ಬ್ರಿಟನ್ನಿಗಿಂತ
ಒಂದು ಗುಟುಕು ಚಹಾದಷ್ಟು ಮುಂಚೆ ಬೆಳಗಾಗುವ ಊರು.
ಫುಟ್‌ಬಾಲ್ ಕ್ಲಬ್ಬಿನ ಅಂಗಡಿಯ ಹಿಂದೆ
ಆ ಬೆಳಗೂ ಹೊಗದ ಕೋಣೆ.
ಒಂದು ಒತ್ತುಯಂತ್ರ, ಒಂದು ಕೆಟಲು,
ಗ್ಲೆನಿಸ್ ಅಟಿಂಗ್ ಬಿಟ್ಟುಹೋದ ಸ್ಟೂಲು.

ನಿವೃತ್ತಿಯ ದಿನ ಆಕೆ ಬೀರು ತೆರೆದು
ಒಂದೊಂದೇ ಅಂಗಿ ಬಿಡಿಸಿ ತೋರಿಸಿದಳು:
ಇದು ಹೆರಿಂಗ್ ಮೀನು ಹೊಗೆಗಿಡುತ್ತಿದ್ದವರದು,
ಮೂಸು, ಇನ್ನೂ ಇದೆ ವಾಸನೆ.
(ಇರಲಿಲ್ಲ. ಇದೆ ಎಂದೆ.)
ಇದು ಬಣ್ಣದಂಗಡಿಯವನದು, ಕಾಸಿನ ಬದಲು
ಇಡೀ ಉತ್ತರದ ಸ್ಟ್ಯಾಂಡಿಗೆ ಬಣ್ಣ ಬಳಿಸಿಕೊಟ್ಟ,
ಬಳಿದದ್ದು ಎದುರಾಳಿಗಳ ನೀಲಿ.
ಇದು ಕಿಟಕಿ ಕಂಪನಿ, ಫೆಬ್ರವರಿಗೇ ದಿವಾಳಿ;
ಆಮೇಲಿನ ಒಂಬತ್ತು ಪಂದ್ಯ
ಇಲ್ಲದ ಕಂಪನಿಯ ಹೆಸರು ಹೊತ್ತು ಓಡಿದರು ನಮ್ಮವರು.
ಅದರಲ್ಲಿ ಏಳು ಗೆದ್ದರು ಕಣೇ,
ಎಂದು ನಕ್ಕು, ಮಡಿಸಿ, ಒಳಗಿಟ್ಟಳು.

ಈಗಿನದು ಏಳಕ್ಷರ.
ಯಾವ ದ್ವೀಪದ ಕಂಪನಿಯೋ, ಮಾಲೀಕನ ಮುಖ ಕಂಡವರಿಲ್ಲ.
ನಡುವಿನದು ಅಕ್ಷರವೂ ಅಲ್ಲ, ವಾಲಿದ ದಾಳ.
ನೆಟ್ಟಗೆ ಒತ್ತಿದರೆ ವಾಪಸು ಬರುತ್ತದೆ ಅಂಗಿ.
ವಾಲಿರಬೇಕು,
ಇನ್ನೇನು ಬಿತ್ತು ಅನ್ನುವಷ್ಟು,
ಬೀಳದಷ್ಟು.

ಮಕ್ಕಳ ಅಂಗಿಗೆ ಮಾತ್ರ ಅದನ್ನು ಒತ್ತುವಂತಿಲ್ಲ. ನಿಯಮ.
ಅವರ ಎದೆ ಖಾಲಿ, ಬರೀ ಕುಂಕುಮಗೆಂಪು,
ಒಂದು ಚಿಕ್ಕ ಲಾಂಛನ, ಮುಗಿಯಿತು.
ಪಕ್ಕದ ಹ್ಯಾಂಗರಿನಲ್ಲಿ ದೊಡ್ಡವರ ಸ್ಮಾಲ್.
ಅಲ್ಲಿಂದ ಶುರು ಜೂಜು.
ಮೀಸೆ ಚಿಗುರಬೇಕಿಲ್ಲ, ದನಿ ಒಡೆಯಬೇಕಿಲ್ಲ,
ದೊಡ್ಡವನಾಗಲು ಇಲ್ಲಿ
ಕಬ್ಬಿಣದ ಸರಳಿನ ಮೇಲೆ ಒಂದು ಗೇಣು ಸರಿದರೆ ಸಾಕು.

ಶನಿವಾರ ಬಂದ ಕಾಲಿನ್ ಥ್ರೋವರ್, ಮಗನ ಜೊತೆ.
ರೋವನ್ನನಿಗೆ ಹನ್ನೊಂದು; ಎತ್ತರ ಹದಿನೈದರದು.
ಮಕ್ಕಳದು ತೋಳಲ್ಲೇ ಸಿಕ್ಕಿಕೊಂಡಿತು.
ದೊಡ್ಡವರ ಸ್ಮಾಲ್ ತೊಟ್ಟು ಕನ್ನಡಿಯೆದುರು ನಿಂತ,
'ನಿಜವಾದದ್ದು! ಅವರು ಹಾಕ್ಕೊಳ್ಳೋದೇ!'
ಎಂದು ಏಳೂ ಅಕ್ಷರದ ಮೇಲೆ ಕೈಯಾಡಿಸಿದ.
ಅಪ್ಪ ಕನ್ನಡಿಯಲ್ಲಿ ದಾಳ ನೋಡುತ್ತಿದ್ದ,
ಗುರುತಿನವರು ಎದುರು ಬಂದಾಗ
ರಸ್ತೆ ದಾಟುವವರು ನೋಡುವ ಹಾಗೆ.

ಹುಡುಗ ಕಾಲುಚೀಲ ಆರಿಸುವಾಗ ನನ್ನ ಕೋಣೆಗೆ ಬಂದ.
'ಇದನ್ನ ತೆಗೆಯೋಕಾಗುತ್ತಾ?'
ಆಗುವುದಿಲ್ಲ, ಕರಾರಿದೆ, ಎಂದೆ.
'ನಾಳೆ ಅವನನ್ನ ಅವರಮ್ಮನ ಮನೆಗೆ ಬಿಡಬೇಕು.
ಆ ಬಾಗಿಲಿಗೆ ಈ ಹೆಸರು
ಮತ್ತೆ ಹೋಗಬಾರದು.'

ಯಂತ್ರ ಕಾಯಿಸಿದೆ.
ಬಿಸಿ ಮಾಡಿ, ಚಿಮಟದಲ್ಲಿ ಮೂಲೆ ಹಿಡಿದು
ಸುಟ್ಟ ಹಪ್ಪಳದಂತೆ ಕಿತ್ತೆ, ಒಂದೊಂದೇ.
ದಾಳ ಕೊನೆಗೆ ಬಂತು, ಉಗುರು ಸುಟ್ಟಿತು.
ಬೇರೆ ಕಾಸು ಕೇಳಲಿಲ್ಲ.
ಹುಡುಗ ನನ್ನ ಕಡೆ ನೋಡದೆ ಚೀಲ ಕಸಿದುಕೊಂಡ.

ಭಾನುವಾರ ದಕ್ಷಿಣದ ಕಡಲದಂಡೆ.
ಚಿಪ್ಸ್ ಕೊಂಡು ಗೋಡೆಯ ಮೇಲೆ ಕೂತಿದ್ದೆ.
ಎರಡು ಶೂ ಗೋಲುಗಂಬ,
ನಡುವೆ ರೋವನ್, ಅದೇ ಅಂಗಿ.
ಅಪ್ಪ ಒದ್ದ. ಮಗ ಎಡಕ್ಕೆ ಹಾರಿ
ಎದೆಯಡಿಯಾಗಿ ಬಿದ್ದು, ಚೆಂಡು ಹಿಡಿದು, ಎದ್ದ.

ಅಂಟು ಉಳಿದಿತ್ತು. ನನಗೆ ಹೊಳೆದಿರಲಿಲ್ಲ.
ಕಿತ್ತಲ್ಲೆಲ್ಲ ಮರಳು ಕೂತು
ಏಳಕ್ಷರವೂ ಸ್ಪಷ್ಟ,
ವಾಲಿದ್ದು ವಾಲಿದ ಹಾಗೇ.

ಕಾಲಿನ್ ಮೊಣಕಾಲೂರಿ
ಅಂಗೈಯಿಂದ ಒರೆಸತೊಡಗಿದ.
ಹುಡುಗ ನಗುತ್ತ ತಪ್ಪಿಸಿಕೊಂಡು
ಇನ್ನೊಂದು, ಅಪ್ಪಾ, ಇನ್ನೊಂದೇ ಒಂದು, ಎನ್ನುತ್ತ
ಹಿಂದಕ್ಕೆ ಓಡಿ
ಕೈಯಗಲಿಸಿ ನಿಂತ.